ಹಿಂದೆ ಮುಂದೆ ನೋಡುವುದನ್ನು ಕಲಿಸುವುದು

ಕನ್ನಡದಲ್ಲಿ ಒಬ್ಬನ ಧೈರ್ಯವನ್ನು ಹೊಗಳಬೇಕಾದರೆ ‘ಹಿಂದೆ ಮುಂದೆ ನೋಡದೆ ಧುಮುಕಿದ’ ಎನ್ನುತ್ತೇವೆ. ಅದೇ ಮಾತನ್ನು ಸಾಲಕ್ಕೋ ಸೈಟಿಗೋ ಹಚ್ಚಿದರೆ ಬೈಗುಳ. ‘ಹಿಂದೆ ಮುಂದೆ ನೋಡದೆ ಸಹಿ ಹಾಕಿದನಂತೆ’ ಎಂದರೆ ಅವನು ದಡ್ಡ. ನೀರಿಗೆ ಬಿದ್ದವರ ಹಿಂದೆ ಹಾರಿದವನು ಮಾತ್ರ ವೀರ. ಬೇಸಿಗೆ ರಜೆಯಲ್ಲಿ ಪತ್ರಿಕೆಗಳ ಜಿಲ್ಲಾ ಪುಟ ತಿರುವಿ ಹಾಕಿ, ಇಂಥ ವೀರರು ಸಿಗುತ್ತಲೇ ಇರುತ್ತಾರೆ. ಕೃಷಿ ಹೊಂಡಕ್ಕೆ ಜಾರಿದ ಮಗ, ಅವನನ್ನು ಎಳೆಯಲು ಹೋದ ಅಪ್ಪ, ಅಪ್ಪನನ್ನು ಎಳೆಯಲು ಹೋದ ಚಿಕ್ಕಪ್ಪ. ಬಟ್ಟೆ ಒಣಹಾಕುವ ತಂತಿಯಲ್ಲಿ ಕರೆಂಟು ಹರಿದು ಹೆಂಡತಿ ಸಿಕ್ಕಿಕೊಂಡಳು, ಗಂಡ ಓಡಿಬಂದು ಅವಳ ತೋಳು ಹಿಡಿದ. ಪಿಟ್ ಗುಂಡಿಗೆ ಇಳಿದ ಕೂಲಿಯವನ ಸದ್ದಿಲ್ಲ, ನೋಡಿಬರುತ್ತೇನೆಂದು ಇಳಿದ ಎರಡನೆಯವನ ಸದ್ದೂ ಇಲ್ಲ, ಮೂರನೆಯವನು ಆಗಲೇ ಏಣಿಯ ಮೇಲಿದ್ದಾನೆ.

ಈ ಬರಹ ಆ ಎರಡನೆಯವನ ಬಗ್ಗೆ. ಮೊದಲನೆಯವನದು ಅಪಘಾತ. ಎರಡನೆಯವನದು ದುಡುಕು, ಆದರೆ ಕೋಪದ್ದಲ್ಲ, ಆಸೆಯದ್ದಲ್ಲ, ಪ್ರೀತಿಯದ್ದು. ಹಾಗಾಗಿಯೇ ಅದನ್ನು ತಡೆಯುವುದು ಕಷ್ಟ. ಕೋಪದಲ್ಲಿ ಕೈಯೆತ್ತುವವನಿಗೆ ‘ಹತ್ತರವರೆಗೆ ಎಣಿಸಪ್ಪ’ ಎನ್ನಬಹುದು. ಮಗು ಮುಳುಗುತ್ತಿರುವಾಗ ಹತ್ತು ಎಣಿಸು ಎಂದು ಯಾವ ತಾಯಿಗೂ ಹೇಳಲಾಗದು, ಹೇಳಲೂಬಾರದು.

ಇದು ನಮ್ಮೂರಿನ ಮುಗ್ಧತೆ ಎಂದು ತಿಳಿಯಬೇಕಿಲ್ಲ. ಟ್ಯಾಂಕು, ಗುಂಡಿ, ಬಾವಿಯಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರ ಪೈಕಿ ಶೇ 60ಕ್ಕೂ ಹೆಚ್ಚು ಮಂದಿ ಇನ್ನೊಬ್ಬರನ್ನು ಉಳಿಸಲು ಇಳಿದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ‘ನಯಾಷ್’ 1986ರಲ್ಲೇ ಎಚ್ಚರಿಸಿತ್ತು. ಮುಳುಗುವ ಮಗುವನ್ನು ಉಳಿಸಲು ಹೋಗಿ ತಾವೇ ಮುಳುಗುವವರ ಬಗ್ಗೆ ಆಸ್ಟ್ರೇಲಿಯಾದ ಫ್ರಾಂಕ್ಲಿನ್ ಮತ್ತು ಪರ್ನ್ 2011ರಲ್ಲಿ ಬರೆದ ಪ್ರಬಂಧದ ತಲೆಬರಹವನ್ನು ಕನ್ನಡದಲ್ಲಿ ಹೇಳುವುದಾದರೆ ‘ಪ್ರೀತಿಗಾಗಿ ಮುಳುಗುವುದು’. ಅಲ್ಲಿ ಸಮುದ್ರ, ಇಲ್ಲಿ ಕೆರೆ; ಹಾರುವ ಕಾಲು ಮಾತ್ರ ಒಂದೇ.

‘ತಾಳಿದವನು ಬಾಳಿಯಾನು’ ಎಂಬ ಗಾದೆ ಇಲ್ಲಿ ಕೆಲಸಕ್ಕೆ ಬಾರದು. ತಾಳು ಎನ್ನುವುದು ಖಾಲಿ ಮಾತು, ಅದರೊಳಗೆ ಕೈಗೆ ಕೆಲಸವಿಲ್ಲ, ಬಾಯಿಗೆ ಕೆಲಸವಿಲ್ಲ. ಗಾಬರಿಯಾದ ಮನುಷ್ಯನಿಗೆ ಖಾಲಿ ನಿಲ್ಲಲು ಬರುವುದಿಲ್ಲ. ಒಂದೋ ಹಾರುತ್ತಾನೆ, ಇಲ್ಲವೇ ಕಲ್ಲಾಗುತ್ತಾನೆ. ಯೋಚನೆ ಮಾಡು ಎಂದು ಕಲಿಸುವುದಕ್ಕಿಂತ, ಯೋಚನೆ ತಾನಾಗಿ ಹುಟ್ಟುವಂಥ ಒಂದು ಚಲನೆಯನ್ನು ಮೈಗೆ ಕಲಿಸುವುದು ಸುಲಭ. ಆ ಚಲನೆ ನಮ್ಮ ಭಾಷೆಯಲ್ಲೇ ಇದೆ: ಹಿಂದೆ ನೋಡು, ಮುಂದೆ ನೋಡು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಕತ್ತು ತಿರುಗಿಸಿ ನೋಡುವುದು.

ಕ್ರಮ ಹೀಗೆ. ಮೊದಲು ಕತ್ತು ಹಿಂದಕ್ಕೆ ತಿರುಗಬೇಕು, ತಿರುಗುತ್ತಲೇ ಗಂಟಲು ಬಿಟ್ಟು ‘ಬನ್ರೋ!’ ಎಂದು ಕೂಗಬೇಕು. ಜನ ಇರುವುದು ಹಿಂದೆ, ಕೂಗು ಅತ್ತ ಹೋಗಬೇಕು. ಅದೇ ನೋಟದಲ್ಲಿ ಹಗ್ಗವೋ ಖಾಲಿ ಕ್ಯಾನೋ ಗಳವೋ ಕಣ್ಣಿಗೆ ಬೀಳಬೇಕು. ಆಮೇಲೆ ಮುಂದೆ ತಿರುಗಿ, ಬಿದ್ದವನನ್ನಲ್ಲ, ಅವನನ್ನು ಕೊಲ್ಲುತ್ತಿರುವುದನ್ನು ಬೆರಳು ಮಾಡಿ ಗಟ್ಟಿಯಾಗಿ ಹೆಸರಿಸಬೇಕು: ‘ನೀರು’, ‘ಗ್ಯಾಸು’, ‘ಕರೆಂಟು’. ಇಷ್ಟಕ್ಕೆ ಮೂರರಿಂದ ಐದು ಸೆಕೆಂಡು ಸಾಕು.

ಬೆರಳು ಮಾಡಿ ಹೆಸರಿಸುವುದು ಬಾಲಿಶ ಅನ್ನಿಸಬಹುದು. ಜಪಾನಿನ ರೈಲು ಚಾಲಕರು ನೂರಕ್ಕೂ ಹೆಚ್ಚು ವರ್ಷಗಳಿಂದ ಸಿಗ್ನಲ್ಲಿಗೆ ಕೈಮಾಡಿ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳುತ್ತಾರೆ. ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ 1994ರಲ್ಲಿ ಬಟನ್ ಒತ್ತುವಂಥ ಸರಳ ಕೆಲಸದಲ್ಲಿ ಇದನ್ನು ಅಳೆದಾಗ, ಸುಮ್ಮನೆ ಮಾಡಿದರೆ 100 ಸಲಕ್ಕೆ 2.38 ತಪ್ಪು, ಕೈಮಾಡಿ ಹೇಳಿ ಮಾಡಿದರೆ 0.38. ನಮ್ಮ ರೈಲುಗಳಲ್ಲೂ ಲೋಕೋ ಪೈಲಟ್ ಮತ್ತು ಸಹಾಯಕ ಪೈಲಟ್ ಸಿಗ್ನಲ್ಲನ್ನು ಒಬ್ಬರಿಗೊಬ್ಬರು ಕೂಗಿ ಹೇಳಿಕೊಳ್ಳುತ್ತಾರೆ. ಕಣ್ಣು ಕಂಡದ್ದನ್ನು ಬಾಯಿ ಹೇಳಿದಾಗಲೇ ತಲೆಗೆ ಹೋಗುವುದು.

ಮುಂದೆ ಏನಿದೆ

ಮೂರು ಸಾವುಗಳೂ ಬೇರೆ ಬೇರೆ ರೀತಿಯವು. ಒಂದರಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ತಪ್ಪು. ಅದಕ್ಕೇ ಹೆಸರಿಸುವುದು ಮುಖ್ಯ.

ನೀರಿನಲ್ಲಿ ಸಮಯ ಕಡಿಮೆ. ಮುಳುಗುವವನು ಸಿನಿಮಾದಂತೆ ಕೈಬೀಸಿ ಕೂಗುವುದಿಲ್ಲ. ನ್ಯೂಯಾರ್ಕಿನ ಕಡಲ ತೀರದಲ್ಲಿ ಜೀವರಕ್ಷಕನಾಗಿದ್ದ ಫ್ರಾಂಕ್ ಪಿಯಾ ಇದನ್ನು ಚಿತ್ರೀಕರಿಸಿ ತೋರಿಸಿದ: ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಉಸಿರಿಗೇ ಪುರಸೊತ್ತಿಲ್ಲದಾಗ ಕೂಗಿಗೆಲ್ಲಿ? ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ, ಮೈ ನೆಟ್ಟಗೆ ನಿಂತಿರುತ್ತದೆ. ಹೀಗೆ 20ರಿಂದ 60 ಸೆಕೆಂಡು. ಆಮೇಲೆ ತಲೆ ಕಾಣುವುದಿಲ್ಲ. ಈ ಸ್ಥಿತಿಯಲ್ಲಿರುವವನ ಕೈಗೆ ಸಿಕ್ಕಿದ್ದೆಲ್ಲ ಮೆಟ್ಟಿಲು. ಹತ್ತಿರ ಹೋದವನ ಹೆಗಲೂ ಮೆಟ್ಟಿಲೇ. ಈಜು ಬರುವವರು ಮುಳುಗುವುದು ಹೀಗೆ. ಈಜಲು ಬರುತ್ತದೆ ಎಂಬುದೇ ಬೇರೆ, ತನ್ನನ್ನು ಹತ್ತುತ್ತಿರುವ ಮನುಷ್ಯನೊಡನೆ ಈಜುವುದೇ ಬೇರೆ.

ಕೃಷಿ ಹೊಂಡದಲ್ಲಿ ಇನ್ನೊಂದು ಮೋಸವಿದೆ. 2014ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣಭೂಮಿಯ ಹೊಲಗಳಲ್ಲಿ ಇವು ಸಾಲುಸಾಲಾಗಿ ಎದ್ದವು. ಆಳ ಮೂರೇ ಮೀಟರು, ಕೆರೆಯ ಮುಂದೆ ಏನೂ ಅಲ್ಲ. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದಾಗ ಇಳಿಜಾರು ಗಾಜಿನಂತೆ. ಈಜು ಬಂದರೂ ದಡ ಹತ್ತಲಾಗದು. ದಡದಲ್ಲಿ ನಿಂತು ಕೈ ಚಾಚಿದವನ ಕಾಲ ಕೆಳಗಿರುವುದೂ ಅದೇ ಹಾಳೆ. ಅವನು ಹಾರಬೇಕಾಗಿಯೇ ಇಲ್ಲ, ಬಗ್ಗಿದರೆ ಸಾಕು.

ಗುಂಡಿಯ ವಿಷಯ ಪೂರ್ತಿ ಬೇರೆ. ನೀರಿನಲ್ಲಿ ಅಪಾಯ ಕಣ್ಣಿಗೆ ಕಾಣುತ್ತದೆ, ಇಲ್ಲಿ ಕಾಣುವುದು ಮಲಗಿದ ಮನುಷ್ಯ ಮಾತ್ರ. ಅವನು ಜಾರಿಬಿದ್ದು ತಲೆ ಸುತ್ತಿದೆ ಅನ್ನಿಸುತ್ತದೆ, ಐದಾರು ಅಡಿ ಇಳಿದರೆ ಕೈಗೆ ಸಿಗುತ್ತಾನೆ ಅನ್ನಿಸುತ್ತದೆ. ಶೌಚದ ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ನಾತ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲೂ ಇಲ್ಲದಾಗಲೇ ಮೂಗಿಗೆ ಹೊಡೆಯುತ್ತದೆ. ಅದೇ ಅನಿಲ 100 ಪಾಲಿನಷ್ಟಾದರೆ ಕೆಲವೇ ನಿಮಿಷದಲ್ಲಿ ಮೂಗು ಸೋತು ವಾಸನೆ ಹಿಡಿಯುವುದನ್ನೇ ಬಿಡುತ್ತದೆ. ‘ನಾತ ಕಡಿಮೆಯಾಯಿತು, ಈಗ ಇಳಿಯಬಹುದು’ ಎಂದವನು ಕೆಟ್ಟ. 700 ದಾಟಿದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ. ಮೇಲೆ ನಿಂತು ಇಣುಕಿದಾಗ ಸರಿಯಿದ್ದ ಗಾಳಿ, ಕೆಸರನ್ನು ಕೋಲಿನಲ್ಲಿ ಕಲಕಿದ ಮರುಕ್ಷಣ ಹೀಗಾಗಬಹುದು. ಅನಿಲ ಕೆಸರಿನೊಳಗೇ ಗುಳ್ಳೆಯಾಗಿ ಕೂತಿರುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು, ಒದ್ದೆ ಟವೆಲ್ಲು, ಕೊರೊನಾ ಕಾಲದ ಮಾಸ್ಕು, ಯಾವುದೂ ಇದನ್ನು ತಡೆಯುವುದಿಲ್ಲ.

ಕೊಳಕೇ ಇಲ್ಲದ ಗುಂಡಿಯೂ ಕೊಲ್ಲುತ್ತದೆ. ಹೊಸ ಮನೆಯ ಸಂಪಿನೊಳಗೆ ಸೆಂಟ್ರಿಂಗ್ ಹಲಗೆ ಬಿಚ್ಚಲು ಇಳಿದವರು ಸತ್ತಿದ್ದಾರೆ. ವಾರಗಟ್ಟಲೆ ಮುಚ್ಚಿದ ಜಾಗದಲ್ಲಿ ಒದ್ದೆ ಮರ ಕೊಳೆಯುತ್ತ ಆಮ್ಲಜನಕವನ್ನು ತಿಂದುಹಾಕಿರುತ್ತದೆ. ಹೊರಗಿನ ಗಾಳಿಯಲ್ಲಿ ಶೇ 20.9ರಷ್ಟು ಆಮ್ಲಜನಕವಿದ್ದರೆ, 19.5ಕ್ಕಿಂತ ಕೆಳಗಿಳಿದ ಜಾಗಕ್ಕೆ ಹೋಗಬಾರದು ಎನ್ನುತ್ತದೆ ಸುರಕ್ಷತಾ ನಿಯಮ. 10ಕ್ಕಿಂತ ಕೆಳಗೆ ಪ್ರಜ್ಞೆ ನಿಲ್ಲುವುದಿಲ್ಲ. ಹಳೆಯ ಬಾವಿಗೆ ಡೀಸೆಲ್ ಎಂಜಿನ್ ಇಳಿಸಿ ನೀರೆತ್ತುವಾಗಲೂ ಇದೇ ಗತಿ, ಅಲ್ಲಿ ಕೊಲ್ಲುವುದು ಹೊಗೆಯ ಕಾರ್ಬನ್ ಮಾನಾಕ್ಸೈಡು.

ಉತ್ತರ ಕರ್ನಾಟಕದ ಹಿರಿಯರಿಗೆ ಇದು ಹೊಸ ವಿದ್ಯೆಯಲ್ಲ. ಜೋಳ ತುಂಬಿಡುವ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕಾಳು ಒಳಗೆ ಉಸಿರಾಡಿ ಬಿಟ್ಟ ಗಾಳಿ ತಳದಲ್ಲಿ ನಿಂತಿರುತ್ತದೆಂದು ಗೊತ್ತಿತ್ತು. ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಮನುಷ್ಯ. ತಾಳ್ಮೆಯನ್ನು ಗಾದೆಯಾಗಿ ಹೇಳದೆ ಕೆಲಸದ ಮೆಟ್ಟಿಲಾಗಿ ಇಟ್ಟಿದ್ದರು. ಆದರೆ ಆ ದೀಪವನ್ನು ಇವತ್ತು ಶೌಚದ ಗುಂಡಿಗೆ ಇಳಿಸಬೇಡಿ. ದೀಪ ಆರುವುದು ಆಮ್ಲಜನಕ ಶೇ 16ರ ಆಸುಪಾಸಿಗೆ ಬಂದಾಗ. ವಿಷಾನಿಲದ ಸುದ್ದಿ ಅದಕ್ಕೆ ತಿಳಿಯದು. ಒಳಗೆ ಮೀಥೇನ್ ಇದ್ದರೆ ದೀಪವೇ ಕಿಡಿ. ಹಗೇವಿನ ಬುದ್ಧಿಯನ್ನು ಉಳಿಸಿಕೊಳ್ಳಬೇಕು, ದೀಪವನ್ನಲ್ಲ.

ಹಾಗಾಗಿ ಗುಂಡಿಗೆ ನಿಯಮ ಒಂದೇ: ಇಳಿಯುವುದಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡೂ ಇಳಿಯುವುದಿಲ್ಲ. ಮೊದಲು ಕಂಡವನ ಕೆಲಸ ಏಣಿಯ ಬಾಯಿಗೆ ಅಡ್ಡ ನಿಲ್ಲುವುದು. ‘ಒಳಗೆ ಗ್ಯಾಸ್ ಇದೆ, ಯಾರೂ ಇಳಿಯಬೇಡಿ’ ಎಂದು ಕೂಗುತ್ತಲೇ ಇರುವುದು. ಬಿದ್ದವನ ತಮ್ಮನೋ ಮಗನೋ ತಳ್ಳಿಕೊಂಡು ಬರುತ್ತಾನೆ, ಅವನನ್ನು ಇಬ್ಬರು ತಬ್ಬಿ ಹಿಡಿಯಬೇಕು. 112ಕ್ಕೆ ಕರೆ ಮಾಡಿ ‘ಗುಂಡಿಯಲ್ಲಿ ಬಿದ್ದಿದ್ದಾರೆ’ ಎಂದಷ್ಟೇ ಹೇಳಿದರೆ ಸಾಲದು, ‘ಗ್ಯಾಸ್ ಇದೆ, ಉಸಿರಾಟದ ಸಿಲಿಂಡರ್ ತನ್ನಿ’ ಎನ್ನಬೇಕು. ಉಳಿದವರು ಇನ್ನೊಂದು ಮುಚ್ಚಳವಿದ್ದರೆ ತೆರೆದು, ಬ್ಲೋವರ್ ಇದ್ದರೆ ಅದರ ಪೈಪನ್ನು ತಳದವರೆಗೆ ಬಿಟ್ಟು ಹೊರಗಿನ ಗಾಳಿ ಒಳಗೆ ನೂಕಬೇಕು. ಬ್ಲೋವರಿನ ಮೋಟಾರು ಗುಂಡಿಯ ಬಾಯಿಂದ ದೂರವಿರಲಿ.

ನಿಜ ಹೇಳಬೇಕೆಂದರೆ ಗುಂಡಿಯ ದುಡುಕು ಅದಕ್ಕೂ ಮೊದಲೇ ಆಗಿರುತ್ತದೆ. ಮನೆ ಮಾಲೀಕ ಸಕ್ಕಿಂಗ್ ಗಾಡಿಯ ಬಾಡಿಗೆ ಉಳಿಸಲು ಕೂಲಿಯವರನ್ನು ಕರೆದಾಗ. ರಕ್ಷಣಾ ಸಾಮಗ್ರಿಯಿಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಗುಂಡಿ ಖಾಲಿ ಮಾಡಿಸಲು 14420 ಸಹಾಯವಾಣಿ ಇದೆ. ಯಾರನ್ನು ಇಳಿಸಲು ಕರೆಯುತ್ತೇವೆ, ಯಾವ ಕೇರಿಯಿಂದ ಕರೆಯುತ್ತೇವೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಕರೆಂಟಿನ ಮಾತು ಚಿಕ್ಕದು. 10 ಮಿಲಿಯಾಂಪು, ಅಂದರೆ ಒಂದು ಆಂಪಿನ ನೂರನೇ ಒಂದು ಪಾಲಿನಷ್ಟು ಹರಿದರೂ ಅಂಗೈ ಮುಷ್ಟಿಯಾಗಿ ಬಿಗಿದುಕೊಂಡು ಬಿಡಿಸಿಕೊಳ್ಳಲಾಗದು. ಹಿಡಿದವನನ್ನು ಹಿಡಿದವನದೂ ಅದೇ ಪಾಡು. ‘ಎಂಸಿಬಿ ಇದೆಯಲ್ಲ, ಬೀಳುತ್ತದೆ’ ಎಂಬ ನಂಬಿಕೆ ತಪ್ಪು. ಎಂಸಿಬಿ ಎಂದರೆ ಕರೆಂಟು ಮಿತಿಮೀರಿದಾಗ ತಾನಾಗಿ ಆಫ್ ಆಗುವ ಸ್ವಿಚ್ಚು, 16 ಆಂಪಿನ ಎಂಸಿಬಿಗೆ ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟು ಲೆಕ್ಕಕ್ಕೇ ಇಲ್ಲ. ಬೀಳುವುದು ಕರೆಂಟು ಸೋರಿದರೆ ಕಡಿದುಹಾಕುವ 30 ಮಿಲಿಯಾಂಪಿನ ಆರ್‌ಸಿಸಿಬಿ, ಅದು ಎಷ್ಟೋ ಹಳೆಯ ಮನೆಗಳಲ್ಲಿ ಇಲ್ಲ. ಆದ್ದರಿಂದ ಮೊದಲ ಓಟ ಮೇನ್ ಸ್ವಿಚ್ಚಿನತ್ತ, ಮನುಷ್ಯನತ್ತ ಅಲ್ಲ. ಮೇನ್ ಸಿಗದಿದ್ದರೆ, ಮನೆಯ 230 ವೋಲ್ಟಿನ ಮಟ್ಟಿಗೆ, ಒಣಗಿದ ಪ್ಲಾಸ್ಟಿಕ್ ಕುರ್ಚಿಯಿಂದಲೋ ಒಣ ಮರದ ಕೋಲಿನಿಂದಲೋ ತಂತಿಯನ್ನು ದೂಡಬಹುದು. ಹೊಲದಲ್ಲಿ ಹರಿದು ಬಿದ್ದ ತಂತಿಗೆ ಈ ಉಪಾಯ ನಡೆಯದು. ಅದು 11 ಕೆ.ವಿ. ಇರಬಹುದು, ಅದಕ್ಕೆ ಒಣ ಕೋಲೂ ದಾರಿ, ಸುತ್ತಲಿನ ನೆಲವೂ ದಾರಿ. ಹತ್ತು ಮೀಟರ್ ಆಚೆಯೇ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನು. ಆಗಲೇ ಹತ್ತಿರದಲ್ಲಿದ್ದರೆ ದಾಪುಗಾಲು ಹಾಕದೆ ಎರಡೂ ಪಾದ ಜೋಡಿಸಿ ಇಂಚಿಂಚು ಸರಿಯುತ್ತ ಹೊರಬರಬೇಕು. ಎರಡು ಕಾಲಿನ ನಡುವಿನ ಅಂತರ ಹೆಚ್ಚಿದಷ್ಟೂ ನೆಲದ ಕರೆಂಟು ಮೈಯೊಳಗೆ ಹರಿಯುತ್ತದೆ.

ಹಿಂದೆ ಏನಿದೆ

ಬಾವಿಗೆ ಬಿಂದಿಗೆ ಬಿದ್ದರೆ ಪಾತಾಳಗರಡಿ ತರುತ್ತೇವೆ. ಮನುಷ್ಯ ಬಿದ್ದರೆ ನಾವೇ ಇಳಿಯುತ್ತೇವೆ. ಬಿಂದಿಗೆಗೆ ಒಂದು ಸಲಕರಣೆ ಉಂಟು, ಅದು ಯಾರ ಮನೆಯಲ್ಲಿದೆ ಎಂದು ಕೇರಿಗೆಲ್ಲ ಗೊತ್ತು. ಮನುಷ್ಯನಿಗೂ ಹಾಗೊಂದನ್ನು ಇಟ್ಟುಕೊಳ್ಳುವುದೇ ‘ಹಿಂದೆ ನೋಡು’ ಎಂಬುದರ ಅರ್ಥ. ಹಿಂದೆ ತಿರುಗಿದಾಗ ಅಲ್ಲಿ ಏನೂ ಇಲ್ಲದಿದ್ದರೆ ಕಾಲು ಮತ್ತೆ ಮುಂದಕ್ಕೇ ಹೋಗುತ್ತದೆ.

ಖರ್ಚು ದೊಡ್ಡದಲ್ಲ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು, ಮುಚ್ಚಳ ಬಿಗಿಯಾಗಿದ್ದರೆ, ನೀರಿನಲ್ಲಿ ಸುಮಾರು ಐದು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ನೀರಿನಲ್ಲಿರುವ ದೊಡ್ಡವರ ಬಾಯಿ ಮೂಗು ಮೇಲಿರಲು ಅಷ್ಟು ಸಾಕು. ಸೊಂಟಕ್ಕೆ ಬೆಂಡು, ಸೋರೆಬುರುಡೆ ಕಟ್ಟಿ ಈಜು ಕಲಿತ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂರ್ತಿ ಖಾಲಿ ಕ್ಯಾನು ಗಾಳಿಗೆ ತೇಲಿ ಎತ್ತಲೋ ಹೋಗುತ್ತದೆ, ಅದಕ್ಕೆ ಅರ್ಧ ಲೀಟರು ನೀರು ತುಂಬಿ ಮುಚ್ಚಬೇಕು. ಆಗ ಎಸೆದ ಕಡೆ ಬೀಳುತ್ತದೆ. ಹಿಡಿಕೆಗೆ 15 ಮೀಟರ್ ಹಗ್ಗ. ಅಂಗಡಿಯಲ್ಲಿ ಪ್ಲಾಸ್ಟಿಕ್ ಹಗ್ಗಕ್ಕೆಲ್ಲ ನೈಲಾನ್ ಎಂದೇ ಹೆಸರು, ಆದರೆ ನಿಜವಾದ ನೈಲಾನ್ ಮುಳುಗುತ್ತದೆ. ಒಂದು ಗೇಣು ಕತ್ತರಿಸಿ ಬಕೆಟ್ ನೀರಿಗೆ ಹಾಕಿ ನೋಡಿ, ತೇಲುವುದನ್ನು ಕೊಳ್ಳಿ. ದಪ್ಪ ಹತ್ತು ಹನ್ನೆರಡು ಮಿಲಿಮೀಟರು. ಅದಕ್ಕಿಂತ ಸಣ್ಣದು ಒದ್ದೆ ಕೈಯಲ್ಲಿ ನಿಲ್ಲದು.

ಹಗ್ಗವಿಲ್ಲದ ಕಡೆ ಕಾಯಿ ಕೀಳುವ ಉದ್ದ ಕೋಲು, ದೋಟಿ ಇರುತ್ತದೆ, ಮಲೆನಾಡು ಕರಾವಳಿಯ ಯಾವ ಹಿತ್ತಲಿನಲ್ಲೂ. ಡ್ರಿಪ್ ಪೈಪು ಇರುತ್ತದೆ. ಸೀರೆ ಐದೂವರೆ ಮೀಟರ್ ಉದ್ದ, ಎರಡು ಸೀರೆ ಗಂಟು ಹಾಕಿದರೆ ಎಷ್ಟೋ ಹೊಂಡಗಳ ನಡುಮಧ್ಯ ತಲುಪುತ್ತದೆ. ಪಂಚೆಯೂ ಆದೀತು. ಮಾನ ಕಾಯುವ ಬಟ್ಟೆಯನ್ನು ಜನರೆದುರು ಬಿಚ್ಚುವುದಕ್ಕೆ ಹಿಂಜರಿಕೆ ಇರುವುದು ಸಹಜ. ಅದನ್ನೂ ತಾಲೀಮಿನಲ್ಲೇ ಮಾತಾಡಿ ಮುಗಿಸಬೇಕು. ದಡದಲ್ಲಿ ನಿಂತು ಮಾತಾಡಲು ಹೊತ್ತಿರುವುದಿಲ್ಲ.

ಎಸೆಯುವ ವಿದ್ಯೆಯೂ ಒಂದಿಷ್ಟಿದೆ. ಹಗ್ಗದ ತುದಿ ಎಡಗಾಲಿನ ಕೆಳಗೆ, ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು. ಕ್ಯಾನನ್ನು ಕೆಳಗಿನಿಂದ ತೂಗಿ ಬಿಡಬೇಕು. ಗುರಿ ಅವನ ತಲೆಯಲ್ಲ, ತಲೆಯಿಂದಾಚೆ ಒಂದು ಮಾರು. ಆಮೇಲೆ ಎಳೆದುಕೊಂಡರೆ ಹಗ್ಗ ತಾನಾಗಿ ಅವನ ತೋಳಿಗೆ ಬರುತ್ತದೆ. ಅವನು ಹಿಡಿದ ಕೂಡಲೇ ಎಸೆದವನು ನೆಲಕ್ಕೆ ಕೂತು ಹಿಮ್ಮಡಿ ಊರಬೇಕು. ನಿಂತು ಎಳೆದವನನ್ನು ನೀರು ಎಳೆದುಕೊಳ್ಳುತ್ತದೆ.

ಸುಣ್ಣದ ಗೆರೆ

ಇದನ್ನೆಲ್ಲ ಭಾಷಣವಾಗಿ ಹೇಳಿದರೆ ಜನ ತಲೆಯಾಡಿಸುತ್ತಾರೆ, ಮರುದಿನ ಹಾರುತ್ತಾರೆ. ಕಲಿಸಬೇಕಾದದ್ದು ಕಾಲಿಗೆ. ಅದಕ್ಕೆ ನೀರು ಬೇಡ. ಶಾಲೆಯ ಬಯಲೋ ಕಣವೋ ಸಾಕು. ಹನ್ನೆರಡು ಹದಿನೈದು ಜನ, ನಲವತ್ತು ನಿಮಿಷ, ಗಡಿಯಾರ ನೋಡಲು ಒಬ್ಬರು. ಸುಣ್ಣದ ಪುಡಿಯಲ್ಲಿ 15 ಮೀಟರ್ ಚೌಕ ಎಳೆಯಿರಿ, ಗೆರೆ ಒಂದು ಗೇಣು ಅಗಲ ಇರಲಿ. ಗೆರೆಯ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಸಾಮಾನುಗಳನ್ನು ಚೆಲ್ಲಿಡಿ: ಹಗ್ಗ ಕಟ್ಟಿದ ಕ್ಯಾನು, ದೋಟಿ, ಹಳೆಯ ಎರಡು ಸೀರೆ. ಜೊತೆಗೆ ಮೋಸದವು ಎರಡು ಮೂರು: ಮುಚ್ಚಳವಿಲ್ಲದ ಕ್ಯಾನು, ಮೂರು ಮೀಟರಿನ ತುಂಡು ಹಗ್ಗ.

ಚೌಕದ ನಡುವೆ ಮುಳುಗುವವನಾಗಿ ಅಪರಿಚಿತನನ್ನು ನಿಲ್ಲಿಸಬೇಡಿ. ಪರೀಕ್ಷೆಗೆ ನಿಂತವನ ತಮ್ಮನನ್ನೋ ಗೆಳೆಯನನ್ನೋ ನಿಲ್ಲಿಸಿ. ಅವನು ಕೂಗಬಾರದು, ಬಾಯಿ ಮೇಲೆ ಮಾಡಿ, ಕೈ ಪಕ್ಕಕ್ಕೆ ಚಾಚಿ ಮೂವತ್ತು ಸೆಕೆಂಡು ಕುಕ್ಕರಿಸಿ ಏಳುತ್ತಿದ್ದು, ಆಮೇಲೆ ಮಲಗಿಬಿಡಬೇಕು. ಕೂಗುವ ಕೆಲಸ ಗೆರೆಯ ಮೇಲೆ ನಿಂತ ಇನ್ನೊಬ್ಬರಿಗೆ. ಮೊದಲ ಸುತ್ತಿಗೆ ಏನೂ ಹೇಳಿಕೊಡಬಾರದು.

ನೇರವಾಗಿ ಚೌಕದೊಳಗೆ ಓಡುವವರು ಇರುತ್ತಾರೆ, ಅವರಿಗೆ ತಮ್ಮ ತಪ್ಪು ಕೂಡಲೇ ತಿಳಿಯುತ್ತದೆ. ನಿಜವಾಗಿ ಕಲಿಸಬೇಕಾದದ್ದು ಬುದ್ಧಿವಂತರಿಗೆ. ಅವರು ಗೆರೆಯ ಹತ್ತಿರ ನಿಲ್ಲುತ್ತಾರೆ, ಸುತ್ತ ನೋಡುತ್ತಾರೆ, ದೋಟಿ ತಂದು ಚಾಚುತ್ತಾರೆ. ಆಟ ನಿಲ್ಲಿಸಿ, ‘ನಿಮ್ಮ ಕಾಲು ನೋಡಿಕೊಳ್ಳಿ’ ಎನ್ನಿ. ಚಪ್ಪಲಿಯ ತುದಿಗೆ ಸುಣ್ಣ ಅಂಟಿರುತ್ತದೆ. ದೋಟಿ ಚಾಚುವಾಗ ಮುಂಗಾಲು ತಾನಾಗಿ ಗೆರೆ ದಾಟಿದ್ದು ಅವರಿಗೇ ಗೊತ್ತಾಗಿರುವುದಿಲ್ಲ. ಪಾಚಿ ಕಟ್ಟಿದ ಹಾಳೆಯ ಮೇಲೆ ಆ ನಾಲ್ಕು ಇಂಚೇ ಸಾಕು. ಬೈಯಬಾರದು, ನಗಬಾರದು. ಬಿಳಿ ತಾಗಿದ ಚಪ್ಪಲಿಯನ್ನು ಎಲ್ಲರೂ ನೋಡಿದರೆ ಆಯಿತು.

ಆಮೇಲೆ ಹಿಂದೆ-ಕೂಗು-ಮುಂದೆ-ಹೆಸರು ಎಂಬ ಸರಣಿಯನ್ನು ಹೇಳಿಕೊಟ್ಟು ಪ್ರತಿಯೊಬ್ಬರೂ ಮೂರು ಸಲ ಮಾಡಬೇಕು. ಮೊದಲ ಕೂಗಿನಿಂದ ಕ್ಯಾನು ಮುಳುಗುವವನ ತೋಳಳತೆಗೆ ಬೀಳುವವರೆಗೆ 15 ಸೆಕೆಂಡು ಗುರಿ. 20 ಸೆಕೆಂಡಿಗೇ ಮುಳುಗುವವರು ಇರುವುದರಿಂದ ಈ ಅಂಕಿ. ಮುಂದಿನ ಸುತ್ತಿನಲ್ಲಿ ಕ್ಯಾನನ್ನು ಬಚ್ಚಿಡಿ. ಅದರ ಮುಂದಿನದರಲ್ಲಿ ದೊಂಬಿ ಎಬ್ಬಿಸಿ: ಅಳುವವರು, ತಳ್ಳುವವರು, ‘ಈಜು ಬರುತ್ತಲ್ಲೋ, ಹಾರೋ!’ ಎಂದು ಹೀಯಾಳಿಸುವವರು. ಈ ಕೊನೆಯ ಮಾತೇ ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ. ಗೆರೆಯೊಳಗೆ ಓಡದ ಹುಡುಗರೂ ಈ ಮಾತಿಗೆ ಓಡುತ್ತಾರೆ.

ಗುಂಡಿಗೆ ಒಂದು ಮೀಟರಿನ ವೃತ್ತ, ಅದರ ಪಕ್ಕ ನಿಜವಾದ ಏಣಿ. ಇಲ್ಲಿ ಗೆಲುವು ಎಸೆಯುವುದರಲ್ಲಿಲ್ಲ, ಏಣಿಯ ಬಾಯಿಯಲ್ಲಿ ಎರಡು ನಿಮಿಷ ನಿಂತು, ತಳ್ಳಿಕೊಂಡು ಬರುವ ಅಣ್ಣನನ್ನು ತಡೆಯುವುದರಲ್ಲಿ. ಎರಡು ನಿಮಿಷ ಎಷ್ಟು ಉದ್ದ ಎಂದು ಆಗ ಗೊತ್ತಾಗುತ್ತದೆ. ಕರೆಂಟಿನದಂತೂ ಅವರವರ ಮನೆಯ ಕೆಲಸ: ರಾತ್ರಿ ದೀಪ ಆರಿಸಿ, ಮನೆಯ ಪ್ರತಿಯೊಬ್ಬರೂ ಅಡುಗೆಮನೆಯಿಂದ ಹೊರಟು ಕತ್ತಲಲ್ಲಿ ಮೇನ್ ಸ್ವಿಚ್ ಮುಟ್ಟಿಬರಬೇಕು. ಮೇನಿನ ಮುಂದೆ ಅಕ್ಕಿ ಮೂಟೆ ಇಟ್ಟಿದ್ದರೆ ಅದೂ ತಿಳಿಯುತ್ತದೆ.

ಎಲ್ಲಿ ಕೆಡುತ್ತದೆ

ಬೇಗ ಮುಗಿಸಿದವನಿಗೆ ಚಪ್ಪಾಳೆ ಹೊಡೆದರೆ ಪಾಠ ಅಲ್ಲಿಗೆ ಮುಗಿಯಿತು. ಮುಂದಿನವರು ಹಿಂದೆ ನೋಡುವುದನ್ನು ಬಿಟ್ಟು ಓಡುತ್ತಾರೆ. ಎಣಿಸಬೇಕಾದದ್ದು ಮೊದಲು ಗೆರೆ ದಾಟಿದ ಕಾಲುಗಳನ್ನು, ಆಮೇಲೆ ಸೆಕೆಂಡುಗಳನ್ನು. ಹೆಣದ ಫೋಟೋ ತೋರಿಸಿ ಹೆದರಿಸುವ ತರಬೇತಿಯೂ ಉಪಯೋಗಕ್ಕಿಲ್ಲ. ಹೆದರಿದವನು ನಿಲ್ಲುತ್ತಾನೆ ನಿಜ, ಆದರೆ ಮೊಬೈಲ್ ಹಿಡಿದು ನಿಲ್ಲುತ್ತಾನೆ. ನಿಂತ ಮೇಲೆ ಮಾಡುವ ಕೆಲಸ ಗೊತ್ತಿಲ್ಲದವನ ಕೈಗೆ ಸಿಗುವುದು ಮೊಬೈಲೇ.

ಹೆಂಗಸರನ್ನು ಕೂರಿಸಿ ಗಂಡಸರಿಗಷ್ಟೇ ತಾಲೀಮು ಕೊಡುವುದು ಇನ್ನೊಂದು ರೂಢಿ. ಹಗಲು ಹೊತ್ತು ಹೊಂಡದ ಹತ್ತಿರ, ಬಟ್ಟೆ ತಂತಿಯ ಹತ್ತಿರ ಇರುವವರು ಯಾರು?

ಮಕ್ಕಳ ವಿಷಯದಲ್ಲಿ ಬೇರೆ ತೊಡಕಿದೆ. ಜೊತೆಗಾರ ಮುಳುಗಿದಾಗ ಉಳಿದ ಮಕ್ಕಳು ಮನೆಗೆ ಓಡಿಬಂದು ಸುಮ್ಮನೆ ಕೂತುಬಿಡುವುದುಂಟು. ಬಟ್ಟೆ ಒದ್ದೆಯಾಗಿದೆ, ಹೊಂಡದ ಹತ್ತಿರ ಹೋದದ್ದಕ್ಕೆ ಏಟು ಬೀಳುತ್ತದೆ. ಸಂಜೆಯವರೆಗೆ ಬಾಯಿ ಬಿಡುವುದಿಲ್ಲ. ‘ನೀರಿನ ಹತ್ತಿರ ಹೋದರೆ ಕಾಲು ಮುರಿಯುತ್ತೇನೆ’ ಎಂಬ ಮಾತು ಈ ಮೌನಕ್ಕೆ ಕಾರಣ. ಮಕ್ಕಳಿಗೆ ಹೇಳಬೇಕಾದದ್ದು ಎರಡೇ: ತೇಲುವುದು ಏನು ಸಿಕ್ಕರೂ ಎಸೆ, ಕೂಗುತ್ತ ಓಡಿ ಮೊದಲು ಸಿಕ್ಕ ದೊಡ್ಡವರಿಗೆ ಹೇಳು, ಯಾರೂ ಬೈಯುವುದಿಲ್ಲ. ಆ ಎರಡನೆಯ ಮಾತನ್ನು ಹೇಳುವಾಗ ಅಪ್ಪ ಅಮ್ಮ ಅಲ್ಲೇ ಇರಬೇಕು, ಅವರ ಬಾಯಿಂದಲೇ ಬರಬೇಕು.

ಮೇಲೆತ್ತಿದ ಮೇಲೂ ಒಂದು ದುಡುಕು ಕಾದಿರುತ್ತದೆ: ಕವುಚಿ ಹಾಕಿ ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಮಗುವಾದರೆ ಕಾಲು ಹಿಡಿದು ತಿರುಗಿಸುವುದು. ಹೊಟ್ಟೆಯ ನೀರಿನಿಂದ ಯಾರೂ ಸಾಯುವುದಿಲ್ಲ, ಉಸಿರಿಲ್ಲದೆ ಸಾಯುತ್ತಾರೆ. ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಐದು ಉಸಿರು ಊದಿ. ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು; ದೊಡ್ಡವರಿಗೆ ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 108 ಬರುವವರೆಗೆ. ಈ ಕೈಚಳಕ ಮೂರರಿಂದ ಆರು ತಿಂಗಳಲ್ಲಿ ಮರೆತುಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಜುಲೈ 25ರ ವಿಶ್ವ ಮುಳುಗುಸಾವು ತಡೆ ದಿನಾಚರಣೆಯಂದು ಬ್ಯಾನರ್ ಕಟ್ಟಿ ಮಾಡಿದರೆ ಸಾಲದು. ಮುಂಗಾರಿನ ಮುಂಚೆ ಒಂದು, ದಸರಾ ರಜೆಗೆ ಮುಂಚೆ ಒಂದು, ನಡುವೆ ಒಮ್ಮೆ ಹೇಳದೆ ಕೇಳದೆ.

ಇನ್ನು ಹೊಂಡದ ದಡದ ಹಗ್ಗ. ಕ್ಯಾನು-ಹಗ್ಗವನ್ನು ಗೂಟಕ್ಕೆ ನೇತುಹಾಕಿ ಮೂರು ವಾರ ಬಿಟ್ಟು ಹೋಗಿ ನೋಡಿದರೆ ಹಗ್ಗ ಇರುವುದಿಲ್ಲ. ಯಾರೋ ದನ ಕಟ್ಟಲು ಒಯ್ದಿರುತ್ತಾರೆ, ಅವರ ತಪ್ಪೂ ಅಲ್ಲ, ಹದಿನೈದು ಮೀಟರ್ ಒಳ್ಳೆಯ ಹಗ್ಗ ಸುಮ್ಮನೆ ನೇತಾಡುತ್ತಿದ್ದರೆ ಯಾರಿಗೆ ಬೇಡ? ಅದಕ್ಕೆ ಹಗ್ಗದುದ್ದಕ್ಕೂ ಮೊಳಕ್ಕೊಂದು ಗಂಟು ಹಾಕಿಬಿಡಿ. ಗಂಟುಗಂಟಿನ ಹಗ್ಗ ದನಕ್ಕೂ ಬೇಡ, ಗಾಡಿಗೂ ಬೇಡ. ಒದ್ದೆ ಕೈಗೆ ಮಾತ್ರ ಹಿಡಿತ ಸಿಗುತ್ತದೆ. ಗಂಟಿಗೆ ಉದ್ದ ಹೋಗುವುದರಿಂದ ಕೊಳ್ಳುವಾಗಲೇ 18 ಮೀಟರ್ ಕೊಳ್ಳಿ. ಬಿಸಿಲಿಗೆ ಪ್ಲಾಸ್ಟಿಕ್ ಎಳೆ ಪುಡಿಯಾಗುತ್ತದೆ, ಯುಗಾದಿಗೊಮ್ಮೆ ಉಗುರಿನಿಂದ ಕೆರೆದು ನೋಡಿ, ಪುಡಿ ಉದುರಿದರೆ ಬದಲಿಸಿ. ಕ್ಯಾನಿನ ಮುಚ್ಚಳವನ್ನು ಯಾರಾದರೂ ತೆಗೆದಿದ್ದಾರೆಯೇ ಎಂದೂ ನೋಡಿ.